ಬಸು, ಮರಿ ಆರಿಸುವ ಮೊದಲು ಅದರ ತಾಯಿ ನೋಡು

ಮುಧೋಳ

ಚಿ. ಬಸುವಿಗೆ ನಿನ್ನ ಕಾಕಾನ ಆಶೀರ್ವಾದ.

ನೀನು ಕಳಿಸಿದ ಫೋಟೊ ನೋಡಿದೆ. ಆರು ಕಾಕರ್ ಸ್ಪ್ಯಾನಿಯಲ್ ನಾಯಿಮರಿ, ಆರೂ ಚಂದ ಇವೆ. ನಿನ್ನ ಕಾಕು ಅಂತೂ ಆ ಕಪ್ಪು ಮರಿ ಮೇಲೆ ಕಣ್ಣಿಟ್ಟಿದ್ದಾಳೆ, ಎದೆ ಮೇಲೆ ಬಿಳಿ ಚುಕ್ಕೆ ಇದೆಯಲ್ಲ, ಅದನ್ನೇ ತರಲಿ ಅಂತಿದ್ದಾಳೆ. ನಾನು ಏನೂ ಹೇಳಲಿಲ್ಲ. ಕೆಲಸದ ನಾಯಿಯನ್ನು ಫೋಟೊ ನೋಡಿ ಆರಿಸಬಾರದು. ಫೋನಿನಲ್ಲಿ ಹೇಳಿದರೆ ಮರೆತುಬಿಡುತ್ತೀ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ಚಳಿಗಾಲ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ನಿನ್ನ ಮನೆಗೆ ಬಂದಿದ್ದಾಗ ಒಂದು ಶನಿವಾರ ನೀನು ನನ್ನನ್ನು ಶೂಟ್‌ಗೆ, ಅಂದರೆ ಹಕ್ಕಿ ಬೇಟೆಗೆ, ಕರೆದೊಯ್ದಿದ್ದೆ, ನೆನಪಿದೆ ಅಲ್ವಾ? ಕೈಯಲ್ಲಿ ಕೋಲು ಹಿಡಿದು, ಪೊದೆ ಬಡಿಯುತ್ತಾ ಎಲ್ಲರೂ ಸಾಲಾಗಿ ನಡೆದೆವು. ಆ ದಿನ ಒಂದು ಸಣ್ಣ ಹೆಣ್ಣು ಕಾಕರ್ ಮುಳ್ಳುಪೊದೆಯೊಳಗೆ ಹೊಟ್ಟೆ ಎಳೆಯುತ್ತಾ ನುಗ್ಗಿತು. ಬಾಲ ಮಾತ್ರ ಕಾಣುತ್ತಿತ್ತು, ಆ ಬಾಲ ಜೋರಾಗಿ ಆಡತೊಡಗಿದಾಗಲೇ ನನಗೆ ಗೊತ್ತಾಯಿತು, ಒಳಗೆ ಹಕ್ಕಿ ಇದೆ ಅಂತ. ಫೆಸೆಂಟ್ ದಬದಬ ಎದ್ದು ಹಾರಿತು. ನಾಯಿ ಅಲ್ಲೇ ಕೂತುಬಿಟ್ಟಿತು. ಕಣ್ಣು ಹಕ್ಕಿಯ ಮೇಲೆ, ಮೈಯೆಲ್ಲಾ ನಡುಕ, ಆದರೆ ಒಂದು ಹೆಜ್ಜೆ ಮುಂದಿಡಲಿಲ್ಲ. ಸೇನೆಯಲ್ಲಿ 22 ವರ್ಷ ನಾಯಿ ಪಳಗಿಸಿದವನು ನಾನು. ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ನೀನು ಮೆಚ್ಚಿದ್ದು ಅದರ ಓಟ. ನಾನು ಮೆಚ್ಚಿದ್ದು ಆ ಕೂತದ್ದು.

ನಮ್ಮ ಮುಧೋಳ ನಾಯಿಯೇ ಬೇರೆ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ಕಂಡಿತು, ಓಡಿತು, ಅಷ್ಟೇ. ಸ್ಪ್ಯಾನಿಯಲ್‌ನದು ಮೂಗಿನ ಕೆಲಸ. ಬಂದೂಕಿನ ಗುಂಡು ಮುಟ್ಟುವ ದೂರದೊಳಗೇ ಎಡಕ್ಕೂ ಬಲಕ್ಕೂ ಹುಡುಕುತ್ತಾ ಹೋಗಬೇಕು, ಹಕ್ಕಿ ಎಬ್ಬಿಸಬೇಕು, ನಿಲ್ಲಬೇಕು, ಹೇಳಿದ ಮೇಲೆ ಹೋಗಿ ಬಿದ್ದ ಹಕ್ಕಿಯನ್ನು ಹಲ್ಲು ತಾಗದ ಹಾಗೆ ಬಾಯಲ್ಲಿ ತಂದು ಕೈಗೆ ಕೊಡಬೇಕು. ಇಷ್ಟೂ ಕೆಲಸ ಮಾಡುವ ನಾಯಿಗೆ ವೇಗಕ್ಕಿಂತ ನಿನ್ನ ಮಾತಿನ ಮೇಲೆ ಗಮನ ಇರಬೇಕು.

ಇದನ್ನು ನಾನು ಕಲಿತದ್ದು ಒಂದು ನಾಯಿಯನ್ನು ಕಳೆದುಕೊಂಡು. ಸೇನೆಗೆ ಸೇರುವ ಮೊದಲು ಹೊಲ ಕಾಯಲು ಅಂತ ಒಂದು ಮುಧೋಳ ಮರಿ ತಂದಿದ್ದೆ. ಬಿಜಲಿ ಅಂತ ಹೆಸರು. ಏಳು ಮರಿಗಳಲ್ಲಿ ಎಲ್ಲಕ್ಕಿಂತ ಚುರುಕು, ಬಟ್ಟಲಿಗೆ ಮೊದಲು ಬಾಯಿ ಹಾಕಿದ್ದು ಅದೇ, ನೋಡಿದ ಕೂಡಲೇ ಎತ್ತಿಕೊಂಡೆ. ಓಡುವುದನ್ನು ನೋಡಿ ಊರೇ ಹೊಗಳುತ್ತಿತ್ತು. ಕರೆದರೆ ಬರುವುದನ್ನು ಮಾತ್ರ ನಾನು ಕಲಿಸಲಿಲ್ಲ, ಸುಮ್ನೆ ಓಡಲಿ ಅಂತ ಬಿಟ್ಟೆ. ಒಂದು ಸಂಜೆ ಜೋಳದ ಹೊಲದಿಂದ ಒಂದು ಮೊಲ ಎದ್ದು ರಸ್ತೆ ಕಡೆ ಹೋಯಿತು. ಬಿಜಲಿ ಹಿಂದೆಯೇ ಹೋಯಿತು. ಗಂಟಲು ಹರಿಯುವ ಹಾಗೆ ಕೂಗಿದೆ, ತಿರುಗಿ ನೋಡಲಿಲ್ಲ. ಲಾರಿ ಬಂತು. ಅವತ್ತು ನನ್ನ ವಯಸ್ಸು ಹತ್ತೊಂಬತ್ತು. ತಪ್ಪು ನಾಯಿಯದಲ್ಲ, ನನ್ನದು. ನನ್ನ ಕೈಗೆ ಮೀರಿದ ನಾಯಿಯನ್ನು ಆರಿಸಿದ್ದೆ, ಆಮೇಲೆ ಅದಕ್ಕೆ ಕಲಿಸಲೂ ಇಲ್ಲ.

ಹಾಗಾಗಿ ತಮ್ಮಾ, ಇದು ನಿನ್ನ ಮೊದಲ ನಾಯಿ ಅನ್ನೋದನ್ನು ಮರೆಯಬೇಡ. ಕಾಕರ್ ಅಂದರೆ ಗಾತ್ರ ಸಣ್ಣದು, ತೂಕ ಹನ್ನೆರಡು ಹದಿಮೂರು ಕಿಲೊ ಆಸುಪಾಸು, ಪಳಗಿಸುವುದು ಸುಲಭ ಇರಬೇಕು ಅಂದುಕೊಳ್ಳುತ್ತಾರೆ. ಸ್ಪ್ರಿಂಗರ್ ಅನ್ನೋ ದೊಡ್ಡ ಸ್ಪ್ಯಾನಿಯಲ್‌ಗಿಂತ ಕಾಕರ್ ಹಟಮಾರಿ, ಬುದ್ಧಿ ಬಲಿಯುವುದೂ ತಡ ಅಂತ ಅಲ್ಲಿನ ಎಷ್ಟೋ ಜನ ಹೇಳುತ್ತಾರೆ. ಜೋರು ಮಾಡಿದರೆ ಮುದುಡುತ್ತದೆ, ಸಡಿಲ ಬಿಟ್ಟರೆ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

ಪ್ರದರ್ಶನಕ್ಕೆ ಸಾಕುವ ಶೋ ಕಾಕರ್ ಬೇರೆ, ಕೆಲಸಕ್ಕೆ ಸಾಕುವ ವರ್ಕಿಂಗ್ ಕಾಕರ್ ಬೇರೆ. ಹೆಸರು ಒಂದೇ, ಬಹಳ ಕಾಲದಿಂದ ಸಾಕುವ ದಾರಿ ಎರಡಾಗಿದೆ. ಶೋ ನಾಯಿಯ ಕಿವಿ ಉದ್ದ, ಕೂದಲು ದಟ್ಟ, ತಲೆ ದುಂಡಗೆ. ಕೆಲಸದ ನಾಯಿಯ ಮೈ ಹಗುರ, ಕಿವಿ ಗಿಡ್ಡ, ಕೂದಲು ಕಮ್ಮಿ. ಮುಳ್ಳಿಗೆ ಸಿಕ್ಕಿಕೊಳ್ಳುವುದು ಜಾಸ್ತಿ ಕೂದಲೇ ಅಲ್ವಾ.

ಆ ವಂಶಾವಳಿಯ ಕಾಗದದಲ್ಲಿ ಕೆಂಪು ಅಕ್ಷರದ ಹೆಸರು ಬಹಳ ಇವೆ ಅಂತ ಹಿಗ್ಗಿ ಬರೆದಿದ್ದೀ. ಫೀಲ್ಡ್ ಟ್ರಯಲ್, ಅಂದರೆ ಬೇಟೆ ನಾಯಿಗಳ ಕೆಲಸದ ಸ್ಪರ್ಧೆ, ಗೆದ್ದು ಚಾಂಪಿಯನ್ ಆದವು ಅವು, ಸಂತೋಷ. ಆದರೆ ಸ್ಪರ್ಧೆಗೆ ಅಂತ ಸಾಕಿದ ವಂಶದಲ್ಲಿ ಬೆಂಕಿ ಹೆಚ್ಚು. ಹತ್ತು ನಾಯಿ ಪಳಗಿಸಿದ ಕೈಗೆ ಅದು ವರ. ನಿನ್ನ ಕೈಗೆ ಈಗಲೇ ಬೇಡ. ತಾತನ ತಾತ ಏನು ಗೆದ್ದ ಅನ್ನೋದಕ್ಕಿಂತ ಈ ಮರಿಯ ತಾಯಿ ಹೇಗಿದ್ದಾಳೆ ಅನ್ನೋದು ಮುಖ್ಯ. ಅವಳನ್ನು ಹೊಲದಲ್ಲಿ ಕೆಲಸ ಮಾಡಿಸಿ ತೋರಿಸಿ ಅಂತ ಕೇಳು, ನಾಚಿಕೊಳ್ಳಬೇಡ. ಸೀಟಿಗೆ ನಿಲ್ಲುತ್ತಾಳಾ? ಕೆಲಸದ ನಡುವೆ ಕುಂಯ್‌ಗುಡುತ್ತಾಳಾ? ಹಾಗೆ ಕೂಗುವುದು ಮತ್ತು ಹಕ್ಕಿಯನ್ನು ಕಚ್ಚಿ ಹಾಳು ಮಾಡುವುದು, ಈ ಎರಡೂ ಸ್ಪರ್ಧೆಯಿಂದ ಹೊರಗೆ ಹಾಕುವಂಥ ದೋಷ. ಒಮ್ಮೆ ಬಂದರೆ ಬಿಡಿಸುವುದು ಬಹಳ ಕಷ್ಟ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಸುಮ್ಮನೆ ಮಲಗುತ್ತಾಳಾ ಅಂತಲೂ ನೋಡು. ತಾಯಿಯನ್ನು ತೋರಿಸಲು ನೆಪ ಹೇಳಿದರೆ ಅಲ್ಲಿಂದ ಎದ್ದು ಬಾ. ಇಂಗ್ಲೆಂಡಿನಲ್ಲಿ 2020ರಿಂದ ಕಾನೂನೇ ಇದೆ, ವ್ಯಾಪಾರಕ್ಕೆ ಮರಿ ಮಾರುವವರು ತಾವು ಸಾಕಿದ ಮರಿಯನ್ನೇ ತಾಯಿಯ ಜೊತೆ ತೋರಿಸಿ ಮಾರಬೇಕು. ಎಂಟು ವಾರ ತುಂಬದ ಮರಿಯನ್ನು ಯಾರು ಕೊಟ್ಟರೂ ತರಬೇಡ.

ಆರೋಗ್ಯದ ಕಾಗದ ಕೇಳುವುದು ಮರೆಯಬೇಡ. ಕಾಕರ್‌ಗಳಲ್ಲಿ ಕಣ್ಣು ನಿಧಾನವಾಗಿ ಕುರುಡಾಗುವ ಒಂದು ರೋಗ ವಂಶದಲ್ಲಿ ಬರುತ್ತದೆ, ಪಿಆರ್‌ಎ ಅಂತಾರೆ. ಎಫ್‌ಎನ್ ಅನ್ನುವುದು ಮೂತ್ರಪಿಂಡದ ರೋಗ, ಎರಡು ವರ್ಷ ತುಂಬುವುದರೊಳಗೇ ನಾಯಿಯನ್ನು ಕೊಲ್ಲುತ್ತದೆ. ಎಎಂಎಸ್ ಅನ್ನೋದು ಇನ್ನೂ ಕ್ರೂರ, ಪಾದಕ್ಕೆ ನೋವೇ ಗೊತ್ತಾಗದೆ ಮರಿ ತನ್ನ ಕಾಲನ್ನು ತಾನೇ ಕಡಿದುಕೊಳ್ಳುತ್ತದೆ. ಮೂರಕ್ಕೂ ಡಿಎನ್‌ಎ ಪರೀಕ್ಷೆ ಇದೆ. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಇದ್ದರೆ ಮಾತ್ರ ಮರಿಗೆ ರೋಗ ಬರುತ್ತದೆ. ಒಬ್ಬರದು ಪೂರ್ತಿ ಕ್ಲಿಯರ್ ಇದ್ದರೆ ಸಾಕು, ಮರಿಗೆ ಆ ರೋಗ ಬರುವುದಿಲ್ಲ. ಕಾಗದ ಕೈಯಲ್ಲಿ ಹಿಡಿದು ಓದು, ಬಾಯಿಮಾತು ನಂಬಬೇಡ.

ಇನ್ನು ಮರಿ. ಗುಂಪಿನಲ್ಲಿ ಎಲ್ಲರನ್ನೂ ತುಳಿದುಕೊಂಡು ಬರುವುದು ಬೇಡ, ಅದು ನನ್ನ ಬಿಜಲಿ. ಮೂಲೆಗೆ ಸರಿದು ನಡುಗುವುದೂ ಬೇಡ. ನೀನು ನೆಲದ ಮೇಲೆ ಕೂತು ಸುಮ್ಮನಿರು. ಬಂದು ಮೂಸಿ, ಸ್ವಲ್ಪ ದೂರ ಹೋಗಿ ಆಡಿ, ಮತ್ತೆ ತಿರುಗಿ ನಿನ್ನನ್ನು ನೋಡುವ ಮರಿ ಇರುತ್ತದೆ. ಬೀಗದ ಕೈ ಕೆಳಗೆ ಬೀಳಿಸು. ಬೆಚ್ಚಿಬಿದ್ದು, ಆಮೇಲೆ ಏನದು ಅಂತ ನೋಡಲು ಬಂತಾ? ಅದನ್ನು ಎತ್ತಿಕೋ. ಬಣ್ಣ ಯಾವುದಾದರೂ ಇರಲಿ. ಕಾಕುಗೆ ನಾನು ಹೇಳುತ್ತೇನೆ.

ತಂದ ಮೇಲೆ ಆತುರ ಬೇಡ. ಆರೇಳು ತಿಂಗಳವರೆಗೆ ಹೆಸರು, ಬಾ, ಕೂತ್ಕೋ, ಇಷ್ಟೇ ಸಾಕು. ಸ್ಪ್ಯಾನಿಯಲ್‌ಗೆ ಅಲ್ಲಿ ಬಹಳ ಜನ ಆಕ್ಮಿ 210.5 ಅನ್ನೋ ಸೀಟಿ ಬಳಸುತ್ತಾರೆ, ಎರಡು ತಗೋ, ಒಂದು ಕಳೆದರೂ ಸ್ವರ ಅದೇ ಇರುತ್ತದೆ. ಒಂದು ಉದ್ದ ಊದಿದರೆ ನಿಲ್ಲು, ಚಿಕ್ಕ ಚಿಕ್ಕದಾಗಿ ಊದಿದರೆ ಬಾ. ಮೊಲದ ಹಿಂದೆ ಒಮ್ಮೆಯೂ ಓಡಲು ಬಿಡಬೇಡ. ಎಳೆ ಮರಿಯನ್ನು ಬಂದೂಕಿನ ಪಕ್ಕ ನಿಲ್ಲಿಸಬೇಡ. ಮೊದಲು ದೂರದ ಸದ್ದು, ಅದೂ ಅದು ಖುಷಿಯಾಗಿ ಆಡುತ್ತಿರುವಾಗ, ಆಮೇಲೆ ವಾರ ವಾರ ಸ್ವಲ್ಪ ಹತ್ತಿರ. ಒಮ್ಮೆ ಗುಂಡಿಗೆ ಹೆದರಿದ ನಾಯಿಯನ್ನು ಸರಿ ಮಾಡಲು ನನ್ನಂಥವನಿಗೂ ಕಷ್ಟ. ಫೆಸೆಂಟ್ ಕಾಲ ಅಕ್ಟೋಬರ್ 1ಕ್ಕೆ ಶುರುವಾಗಿ ಫೆಬ್ರವರಿ 1ಕ್ಕೆ ಮುಗಿಯುತ್ತದೆ. ಈ ಸಲದ ಕಾಲ ನಿನ್ನ ಮರಿಗೆ ಅಲ್ಲ, ಒಪ್ಪಿಕೋ. ಹೊಲದಿಂದ ಬಂದ ಮೇಲೆ ಕಿವಿ, ಬೆರಳ ಸಂದಿ ನೋಡು, ಹುಲ್ಲಿನ ಬೀಜ ಹೊಕ್ಕರೆ ಕೀವಾಗುತ್ತದೆ.

ಮೂರು ವರ್ಷಕ್ಕೆ ಬೆಳಗಾವಿಗೆ ವಾಪಸ್ ಬರುತ್ತೇನೆ ಅಂದಿದ್ದೀ. ಇಲ್ಲಿ ಬೇಟೆ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಇರಬೇಕಾದದ್ದೇ. ಆದರೆ ಆ ಮೂಗಿಗೆ ಕೆಲಸ ಕೊಡಲೇಬೇಕು, ಇಲ್ಲದಿದ್ದರೆ ನಾಯಿ ಕೊರಗುತ್ತದೆ. ನಮ್ಮ ಸೇನೆಯಲ್ಲಿ ಸೋಫಿ ಅಂತ ಒಂದು ಕಾಕರ್ ಇತ್ತು, ಸ್ಫೋಟಕ ಪತ್ತೆ ಮಾಡುತ್ತಿತ್ತು, 2020ರಲ್ಲಿ ಸೇನಾ ಮುಖ್ಯಸ್ಥರ ಪ್ರಶಂಸಾ ಪತ್ರ ಬಂತು ಅದಕ್ಕೆ. ಅದೇ ಮೂಗು ನೋಡು. ನೀನು ಬಂದ ಮೇಲೆ ಹೊಲದಲ್ಲಿ ಚೆಂಡು ಬಚ್ಚಿಟ್ಟು ಹುಡುಕಿಸೋಣ, ನಾನು ದಿನಾ ಬೆಳಿಗ್ಗೆ ಬರುತ್ತೇನೆ, ಬಿಸಿಲೇರುವ ಮೊದಲು.

ಶನಿವಾರ ಹೋಗುತ್ತೀ ಅಲ್ವಾ. ತಾಯಿ ನಾಯಿ ಕೆಲಸ ಮಾಡುವ ವಿಡಿಯೊ ತೆಗೆದು ಕಳಿಸು. ಸದ್ದು ಸರಿಯಾಗಿ ಕೇಳಬೇಕು, ಸೀಟಿ ಊದಿದ ಮೇಲೆ ಎಷ್ಟು ಹೊತ್ತಿಗೆ ನಿಂತಳು ಅಂತ ನಾನು ಎಣಿಸಬೇಕು. ಅದನ್ನು ನೋಡುವ ತನಕ ಮುಂಗಡ ಕೊಡಬೇಡ.

ನಿನ್ನ ಕಾಕಾ