ಥೈರಟ್ರಾನ್ ಹತ್ತಿರ ಅವಸರ ಬೇಡ

ಚಿ. ಕಾರ್ತಿಕನಿಗೆ ಮಾವನ ಆಶೀರ್ವಾದಗಳು.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣ ಕೊಡುವ ಲಿನಾಕ್ ಮೆಶೀನನ್ನು ನೀನೇ ನೋಡಿಕೊಳ್ಳುತ್ತಿದ್ದೀಯ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. ಹೈವೋಲ್ಟೇಜ್ ಪಲ್ಸ್ ಹರಿಸುವ ಸ್ವಿಚ್ಚಾಗಿ ಹೊಸ ಮೆಶೀನುಗಳಿಗೆ ಐಜಿಬಿಟಿ ಅನ್ನುವ ಸೆಮಿಕಂಡಕ್ಟರ್ ಬರುತ್ತಿದೆ, ನಿನ್ನದರಲ್ಲಿ ಇನ್ನೂ ಅನಿಲ ತುಂಬಿದ ಹಳೇ ಟ್ಯೂಬು, ಥೈರಟ್ರಾನೇ ಇದೆಯಂತೆ. ಅದಕ್ಕೇ ಈ ಪತ್ರ.

ಬೆಳಿಗ್ಗೆ ಕಾರಿಡಾರ್ ತುಂಬ ರೋಗಿಗಳು ಕೂತಿರುತ್ತಾರೆ. "ಇನ್ನೂ ಎಷ್ಟೊತ್ತು ಸಾರ್?" ಅಂತ ಒಳಗಿನಿಂದಲೂ ಹೊರಗಿನಿಂದಲೂ ಕೇಳುತ್ತಾರೆ. ಯಾರು ಎಷ್ಟೇ ಒತ್ತಾಯ ಮಾಡಿದರೂ ಟ್ಯೂಬ್ ಕಾಯುವವರೆಗೂ ಹೈವೋಲ್ಟೇಜ್ ತಡೆದಿಡುವ ಹೀಟರ್ ಟೈಮರನ್ನು ಬೈಪಾಸ್ ಮಾಡಬೇಡ. ಕ್ಯಾಥೋಡ್ ಚೆನ್ನಾಗಿ ಕಾದಿಲ್ಲದಿದ್ದರೆ ಬೇಕಾದಷ್ಟು ಎಲೆಕ್ಟ್ರಾನ್ ಬರುವುದಿಲ್ಲ. ಆ ಹೊತ್ತಿಗೆ ನೂರಾರು ಆಂಪಿಯರ್ ಎಳೆದರೆ ಟ್ಯೂಬಿನೊಳಗಿನ ವೋಲ್ಟೇಜ್ ಡ್ರಾಪ್ ಏರುತ್ತದೆ. ಅಯಾನುಗಳು ಜೋರಾಗಿ ಬಡಿದು ಕ್ಯಾಥೋಡಿನ ಆಕ್ಸೈಡ್ ಲೇಪವನ್ನೇ ಕಿತ್ತುಹಾಕುತ್ತವೆ. ಆಮೇಲೆ ಏನು ಮಾಡಿದರೂ ಅದು ವಾಪಸ್ ಬರಲ್ಲ.

ಟ್ಯೂಬನ್ನು ಆನ್ ಮಾಡುವ ಗ್ರಿಡ್‌ನ ಕೆಲಸ ಪಟಾಕಿ ಬತ್ತಿಗೆ ಕಿಡಿ ತಾಗಿಸುವುದಷ್ಟೇ. ಒಮ್ಮೆ ಹತ್ತಿಕೊಂಡರೆ ಗ್ರಿಡ್ ಸುತ್ತ ಅಯಾನುಗಳು ಮುತ್ತಿಕೊಳ್ಳುತ್ತವೆ, ಅದರ ಮಾತು ನಡೆಯುವುದಿಲ್ಲ. ಕರೆಂಟ್ ಸೊನ್ನೆಗೆ ಬಂದು, ಅಯಾನುಗಳು ಕರಗಿದ ಮೇಲಷ್ಟೇ ಟ್ಯೂಬ್ ಮತ್ತೆ ವೋಲ್ಟೇಜ್ ತಡೆಯುತ್ತದೆ. ಎರಡನೇ ಮಹಾಯುದ್ಧದ ರಾಡಾರ್‌ಗಳಿಗೆ ಪಾದರಸ ಬಿಟ್ಟು ಹೈಡ್ರೋಜನ್ ತುಂಬಿದ್ದು ಅದಕ್ಕೇ. ಹಗುರ ಅನಿಲ, ಬೇಗ ಸುಧಾರಿಸಿಕೊಳ್ಳುತ್ತದೆ.

ಇನ್ನು ರಿಸರ್ವಾಯರ್, ಅಂದರೆ ಟ್ಯೂಬಿಗೆ ಹೈಡ್ರೋಜನ್ ಒದಗಿಸುವ ಭಾಗ. ಟ್ಯೂಬ್ ಕೆಟ್ಟಿದೆ ಅಂತ ಬದಲಾಯಿಸುವ ಎಷ್ಟೋ ಕಡೆ ಕೆಟ್ಟಿರುವುದು ಇದರ ಸೆಟ್ಟಿಂಗ್ ಅಂತ ನನ್ನ ಲೆಕ್ಕ. ಟೈಟಾನಿಯಂನಲ್ಲಿ ಹೈಡ್ರೋಜನ್ ಹಿಡಿದಿಟ್ಟಿರುತ್ತಾರೆ, ಬಿಸಿ ಮಾಡಿದಷ್ಟು ಅನಿಲ ಬಿಡುತ್ತದೆ. ಜಾಸ್ತಿಯಾದರೆ ಟ್ರಿಗರ್ ಕೊಡದೆಯೇ ತಾನೇ ಫೈರ್ ಆಗಿ, ಓವರ್‌ಕರೆಂಟ್ ಟ್ರಿಪ್ ಬೀಳುತ್ತದೆ. ಕಡಿಮೆಯಾದರೆ ಪಲ್ಸ್ ಹಿಂದೆಮುಂದೆ ಓಡಾಡುತ್ತದೆ, ಆನೋಡ್ ವಿಪರೀತ ಕಾಯುತ್ತದೆ. ಟ್ಯೂಬಿಗೆ ವಯಸ್ಸಾದ ಹಾಗೆ ಅನಿಲವೂ ಇಂಗುವುದರಿಂದ ರಿಸರ್ವಾಯರ್ ವೋಲ್ಟೇಜನ್ನು ಚೂರುಚೂರೇ ಏರಿಸಬೇಕು. ಒಂದು ಪಾಯಿಂಟ್ ಏರಿಸು, ಕೆಲವು ನಿಮಿಷ ಸುಮ್ನೆ ಕೂತಿರು, ಒತ್ತಡ ಒಂದು ಹದಕ್ಕೆ ನಿಲ್ಲಲಿ. ಆಮೇಲೆ ಸ್ಕೋಪಿನಲ್ಲಿ ಪಲ್ಸ್ ನೋಡು. ಹೊಸ ಟ್ಯೂಬ್ ಹಾಕಿದ ದಿನ ಹಳೇ ಟ್ಯೂಬಿನ ಸೆಟ್ಟಿಂಗನ್ನೇ ಹಾಗೇ ಇಟ್ಟುಕೊಳ್ಳಬೇಡ. ಎಷ್ಟೋ ಟ್ಯೂಬುಗಳ ಮೈಮೇಲೇ ಅದರದೇ ರಿಸರ್ವಾಯರ್ ವೋಲ್ಟೇಜ್ ಬರೆದಿರುತ್ತದೆ, ಟಾರ್ಚ್ ಹಾಕಿ ಓದು.

ಟ್ಯೂಬಿರುವ ಕಪಾಟು ತೆಗೆಯುವ ಮುಂಚೆ ಮೇನ್ ಆಫ್ ಮಾಡಿದರೆ ಸಾಲದು ಕಣೋ. ಕೆಪಾಸಿಟರ್‌ಗಳಲ್ಲಿ ಸಾವಿರಾರು ವೋಲ್ಟ್ ಹಾಗೇ ಉಳಿದಿರಬಹುದು. ಅರ್ಥಿಂಗ್ ರಾಡ್ ಮುಟ್ಟಿಸಿ, ಕೆಲಸ ಮುಗಿಯುವವರೆಗೂ ಅಲ್ಲೇ ನೇತುಹಾಕಿರು. ನೇರಳೆ ಬೆಳಕು ಚೆನ್ನಾಗಿದೆ ಅಂತ ಕಪಾಟಿನ ಬಾಗಿಲು ತೆರೆದು ಓಡಿಸುವ ಹುಡುಗರನ್ನು ಕಂಡಿದ್ದೇನೆ. ಅಷ್ಟು ವೋಲ್ಟೇಜಿಗೆ ಆ ಟ್ಯೂಬಿನಿಂದಲೂ ಎಕ್ಸ್‌ರೇ ಬರುತ್ತದೆ, ನೀನು ಅವರ ಜೊತೆ ಸೇರಬೇಡ.

ಈ ವಾರದ ಹೀಟರ್, ರಿಸರ್ವಾಯರ್ ರೀಡಿಂಗುಗಳನ್ನು ವಾಟ್ಸಾಪ್‌ನಲ್ಲಿ ಕಳಿಸು, ಭಾನುವಾರ ಕೂತು ಮಾತಾಡೋಣ.

ನಿನ್ನ ಮಾವ