ನಿನ್ನ ಬರಹವನ್ನೇ ಮುಂದಿಟ್ಟುಕೊಂಡು ಬರಿ

ಹನುಮಂತನಗರ, ಬೆಂಗಳೂರು

ಪ್ರೀತಿಯ ಸಿಂಧು,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಎರಡು ಪುಟ ಓದಿದೆ. ನಿಮ್ಮ ಬರವಣಿಗೆ ಹೇಗಿದೆ, ಗುರಿ ಏನು ಅಂತ ನೀವೇ ಬರೆದುಕೊಂಡು ಬನ್ನಿ ಎಂದು ಮೇಡಂ ಹೇಳಿದ್ದಾರೆ, ಇದು ಸಾಕಾ ನೋಡಿ ಅಂದಿದ್ದೀಯ. ಸಾಲದು ಕಣೇ. "ನನಗೆ ವ್ಯಾಕರಣ ಸ್ವಲ್ಪ ಕಷ್ಟ, ಪದಸಂಪತ್ತು ಕಡಿಮೆ, ಓದುವ ಹವ್ಯಾಸ ಬೆಳೆಸಿಕೊಂಡು ಉತ್ತಮ ಬರಹಗಾರ್ತಿಯಾಗುವುದು ನನ್ನ ಗುರಿ." ಇದರ ಕೆಳಗೆ ನಿನ್ನ ಕ್ಲಾಸಿನ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಇದರಲ್ಲಿ ನೀನೆಲ್ಲಿದ್ದೀಯ?

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಬರಹ ತಿದ್ದುತ್ತಲೇ ನನ್ನ ನೌಕರಿ ಮುಗಿಯಿತು. ನನಗೆ ಖಾತ್ರಿಯಾದ ಒಂದು ವಿಷಯ ಹೇಳುತ್ತೇನೆ. ನನ್ನ ಬರವಣಿಗೆ ಇಂಥದ್ದು ಅಂತ ಸುಮ್ನೆ ಯೋಚಿಸಿ ಹೇಳುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಬರೆದದ್ದನ್ನು ಎದುರಿಗಿಟ್ಟುಕೊಂಡು ನೋಡಬೇಕು. ಹೋದ ಸೆಮಿಸ್ಟರಿನ ಅಸೈನ್‌ಮೆಂಟ್‌ಗಳನ್ನು ತೆಗಿ. ರೂಮಿನಲ್ಲಿ ಯಾರೂ ಇಲ್ಲದಾಗ ಪೆನ್ಸಿಲ್ ಹಿಡಿದು ಗಟ್ಟಿಯಾಗಿ ಓದು. ನಾಲಿಗೆ ತಡವರಿಸಿದ ಕಡೆ ಗೀಟು ಹಾಕು. ಇದು ಯಾರದೋ ಮಾತು, ನನ್ನದಲ್ಲ ಅನಿಸಿದ ಕಡೆ ಎರಡು ಗೀಟು.

ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಬಗ್ಗೆ ನೀನು ಮಾಡಿದ ವರದಿ ನನ್ನ ಹತ್ತಿರ ಇದೆ. ಅದರ ಮೊದಲ ವಾಕ್ಯ ನೋಡು: "ಕರ್ನಾಟಕ ಸರ್ಕಾರವು ಜಾರಿಗೆ ತಂದಿರುವ ಶಕ್ತಿ ಯೋಜನೆಯು ಮಹಿಳಾ ಸಬಲೀಕರಣದಲ್ಲಿ ಮಹತ್ವದ ಪಾತ್ರವನ್ನು ವಹಿಸುತ್ತಿರುವುದನ್ನು ಗಮನಿಸಬಹುದಾಗಿದೆ." ಗಮನಿಸಿದ್ದು ಯಾರು? ನೀನೇ ಅಲ್ವಾ? ಏನು ಗಮನಿಸಿದೆ? ಪುಟವೆಲ್ಲ ಹುಡುಕಿದರೂ ಸಿಗುವುದಿಲ್ಲ.

ಅವತ್ತು ರಾತ್ರಿ ಫೋನಿನಲ್ಲಿ ಮಾತ್ರ ಎಷ್ಟು ಚೆನ್ನಾಗಿ ಹೇಳಿದೆ! ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹೆಂಗಸು ಜಯನಗರದಲ್ಲಿ ಮನೆಗೆಲಸಕ್ಕೆ ಹೋಗುವವರು. ಮೊದಲೆಲ್ಲ ಟಿಕೆಟ್ ಕಾಸು ಉಳಿಸುವುದಕ್ಕೆ ಒಂದು ಸ್ಟೇಜ್ ಮುಂಚೆಯೇ ಇಳಿದು ನಡೆಯುತ್ತಿದ್ದರಂತೆ. ಈಗ ಮನೆ ಹತ್ತಿರದ ಸ್ಟಾಪಿನವರೆಗೂ ಕೂತೇ ಬರುತ್ತಾರೆ. ಕಂಡಕ್ಟರ್ ಕೊಟ್ಟ ಪಿಂಕ್ ಟಿಕೆಟ್ ಮಡಿಸಿ ಬಳೆ ಸಂದಿಗೆ ಸಿಕ್ಕಿಸಿಕೊಳ್ಳುತ್ತಾರೆ. ಎಸಿ ಬಸ್ ಬಂದರೆ ಹತ್ತುವುದಿಲ್ಲ, ಅದರಲ್ಲಿ ಫ್ರೀ ಇಲ್ಲ, ಮಾಮೂಲಿ ಬಸ್ಸಿಗೇ ಕಾಯುತ್ತಾರೆ. ಇದನ್ನೆಲ್ಲ ನೋಡಿದವಳು ನೀನು, ಕೇಳಿ ತಿಳಿದುಕೊಂಡವಳೂ ನೀನು. ಯೋಜನೆ ಶುರುವಾದದ್ದು 2023ರ ಜೂನ್ 11ರಂದು ಅಂತ ವರದಿಯಲ್ಲಿ ಸರಿಯಾಗಿ ಬರೆದಿದ್ದೀಯ. ಆ ತಾರೀಖಿನ ಪಕ್ಕದಲ್ಲೇ ಆಕೆ ಇಳಿದು ನಡೆಯುತ್ತಿದ್ದ ವಿಷಯ ಬಂದಿದ್ದರೆ ಸಬಲೀಕರಣ ಅಂತ ಬೇರೆ ಹೇಳಬೇಕಾಗಿಯೇ ಇರಲಿಲ್ಲ.

ಮೇಡಂಗೆ ಇದನ್ನೇ ಬರೆದುಕೊಡು. ನಾನು ಜನರನ್ನು ಮಾತಾಡಿಸಬಲ್ಲೆ, ಅವರ ಸಣ್ಣಪುಟ್ಟ ವಿವರ ನೆನಪಿಟ್ಟುಕೊಳ್ಳಬಲ್ಲೆ, ಬರೆಯಲು ಕೂತ ಕೂಡಲೇ ಅದೆಲ್ಲ ಬಿಟ್ಟುಹೋಗಿ ಸರ್ಕಾರಿ ಪ್ರಕಟಣೆಯ ಧಾಟಿ ಬಂದುಬಿಡುತ್ತದೆ ಅಂತ ಹೇಳು. ಕೆಳಗೆ ಆ ವಾಕ್ಯ ಹಾಕು, ಪಕ್ಕದಲ್ಲಿ ತಿದ್ದಿ ಬರೆದ ವಾಕ್ಯ ಹಾಕು. ತಪ್ಪು ಒಪ್ಪಿಕೊಂಡರೆ ಮಾರ್ಕ್ಸ್ ಹೋಗುತ್ತದೆ ಅಂತ ಹೆದರಬೇಡ. ತನ್ನ ವಾಕ್ಯ ಎಲ್ಲಿ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸುವ ಹುಡುಗಿಯ ಮೇಲೆ ಯಾವ ಮೇಷ್ಟರಿಗಾದರೂ ಭರವಸೆ ಹುಟ್ಟುತ್ತದೆ.

ಕಾಗುಣಿತದ ಬಗ್ಗೆ ನೀನು ಬೇಕಾದ್ದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀಯ. "ಬೇಟಿ", "ವಿದ್ಯಾರ್ತಿ" ಅಂತ ಬರೆದದ್ದು ನನಗೂ ಕಂಡಿತು. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಒತ್ತಿ ಹೇಳುವುದು ಕಡಿಮೆ, ಬರೆಯುವಾಗಲೂ ಹಾಗೇ ಜಾರುತ್ತದೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನೀನು ಪದೇ ಪದೇ ತಪ್ಪುವ ಪದಗಳನ್ನು ಮಾತ್ರ ಬರೆದಿಟ್ಟುಕೋ. ಅನುಮಾನ ಬಂದಾಗ ನಿಘಂಟು ನೋಡು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟ ನಿಮ್ಮ ಲೈಬ್ರರಿಯಲ್ಲಿದ್ದರೆ ಅದನ್ನೇ ನೋಡು, ಪದ ಬಳಸಿದ ಉದಾಹರಣೆಗಳೂ ಇವೆ. ಪದಸಂಪತ್ತು ಕಡಿಮೆ ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಬಳೆ ಸಂದಿ ಅಂತ ಹೇಳಿದವಳಿಗೆ ಪದದ ಬಡತನವೇ?

ಇನ್ನು ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನಿಂದ ಬಂದವರು ಪಟಪಟ ಅಂತ ಬರೆಯುತ್ತಾರೆ, ನಾನು ಹಿಂದೆ ಬಿದ್ದೆ ಅಂತ ಕೊನೇ ಪ್ಯಾರಾದಲ್ಲಿ ಬರೆದಿದ್ದೀಯ. ಓದಿ ಸಂಕಟವಾಯಿತು. ಅವರ ಪುಟಕ್ಕೆ ನಿನ್ನ ಪುಟ ಹೋಲಿಸಬೇಡ. ನಿನ್ನದೇ ಮೊದಲ ಸೆಮಿಸ್ಟರಿನ ಪುಟಕ್ಕೆ ಹೋಲಿಸು, ಎಷ್ಟು ಮುಂದೆ ಬಂದಿದ್ದೀಯ ಅಂತ ಗೊತ್ತಾಗುತ್ತದೆ. ಹಾಗಂತ ಇಂಗ್ಲಿಷ್ ಬಿಡುವ ಹಾಗೂ ಇಲ್ಲ. ಕನ್ನಡ ಪತ್ರಿಕೆಯ ಡೆಸ್ಕಿನಲ್ಲೂ ಸುದ್ದಿಸಂಸ್ಥೆ ಪಿಟಿಐನ ಸುದ್ದಿ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಓದಿ, ಅರ್ಥ ಮಾಡಿಕೊಂಡು, ಪೇಜ್ ಪ್ರಿಂಟಿಗೆ ಹೋಗುವುದರೊಳಗೆ ಕನ್ನಡದಲ್ಲಿ ಬರೆಯಬೇಕು. ಎರಡೂ ಗೊತ್ತಿರುವವರಿಗೆ ಈ ಊರಿನಲ್ಲಿ ಕೆಲಸ ಇದೆ, ನಿನಗೆ ಆ ದಾರಿ ತೆರೆದೇ ಇದೆ.

"ಉತ್ತಮ ಬರಹಗಾರ್ತಿ" ಅನ್ನುವ ಗುರಿ ತೆಗೆದುಬಿಡು. ಆದೆಯೋ ಇಲ್ಲವೋ ಅಂತ ಯಾವತ್ತು ಗೊತ್ತಾಗಬೇಕು ಹೇಳು? ಸೆಮಿಸ್ಟರ್ ಮುಗಿದ ದಿನ ಮಾಡಿದೆ, ಮಾಡಲಿಲ್ಲ ಅಂತ ಹೇಳಬಹುದಾದ್ದನ್ನು ಬರಿ. ಪ್ರತಿ ವರದಿಯನ್ನೂ ಕಣ್ಣಾರೆ ಕಂಡ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಬರೆದದ್ದನ್ನು ಒಂದು ರಾತ್ರಿ ಬಿಟ್ಟು, ಬೆಳಗ್ಗೆ ತಿದ್ದಿಯೇ ಕೊಡುತ್ತೇನೆ. ವಾರಕ್ಕೊಂದು ಇಂಗ್ಲಿಷ್ ಸುದ್ದಿಯನ್ನು ಕನ್ನಡದಲ್ಲಿ ಬರೆಯುತ್ತೇನೆ. ನಿನಗೆ ಇಷ್ಟು ಸಾಕು. ಒಂದು ಮಾತ್ರ ಸೇರಿಸಿಕೋ: ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವುದು ಚಾಟಿಂಗಿಗೆ ಸರಿ, ಡೆಸ್ಕಿನಲ್ಲಿ ಆ ವೇಗ ಸಾಲದು. ನುಡಿ ಕೀಬೋರ್ಡ್ ಕಲಿ. ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಒಬ್ಬರಾದ ಕೆ.ಪಿ. ರಾವ್ ಅವರು ಮಾಡಿಕೊಟ್ಟ ವಿನ್ಯಾಸ ಅದು, ಬೇಗ ಕೈಗೆ ಹತ್ತುತ್ತದೆ.

ಬುಧವಾರ ಕೊಡಬೇಕು ಅಂದಿದ್ದೀಯ, ಟೈಮಿದೆ. ಭಾನುವಾರ ಊಟಕ್ಕೆ ಇಲ್ಲಿಗೇ ಬಾ. ಗೀಟು ಹಾಕಿದ ಹಳೇ ಅಸೈನ್‌ಮೆಂಟ್‌ಗಳನ್ನು ಮರೆಯದೆ ತಾ. ತಿದ್ದುವುದು ನೀನೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ನಿನ್ನ
ದೊಡ್ಡಮ್ಮ