ಸಂಬಳದ ದಿನವೇ ಉಳಿತಾಯವೂ ಶುರುವಾಗಲಿ

ಮಾನ್ಯರೇ,

ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನಾಲ್ಕು ಕಾಸು ಉಳಿಸುವ ಮೊದಲೇ ಕಂತಿನ ಸಾಲಕ್ಕೆ ಬೀಳುತ್ತಿರುವುದು ಕಳವಳದ ವಿಷಯ.

ಎಸ್.ಪಿ. ರಸ್ತೆಯಿಂದ ಮಾಲ್‌ಗಳವರೆಗೆ ಮೊಬೈಲ್ ಅಂಗಡಿಗಳ ಬೋರ್ಡ್ ನೋಡಿ. ತಿಂಗಳ ಕಂತು ದಪ್ಪ ಅಕ್ಷರದಲ್ಲಿ, ಪೂರ್ತಿ ಬೆಲೆ ಹುಡುಕಬೇಕು. ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ಕಂತು ಅನ್ನುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಆ ಬಡ್ಡಿ ಪ್ರೊಸೆಸಿಂಗ್ ಶುಲ್ಕದಲ್ಲೋ, ಕೈತಪ್ಪಿದ ರಿಯಾಯಿತಿಯಲ್ಲೋ ಅಡಗಿರುತ್ತದೆ. ಕ್ರೆಡಿಟ್ ಕಾರ್ಡಿಗೆ ‘ಮಿನಿಮಮ್ ಡ್ಯೂ’ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಾ ಹೋದರೆ ಇನ್ನೂ ಕಷ್ಟ. ಉಳಿದ ಬಾಕಿಗೆ ತಿಂಗಳಿಗೆ ಶೇ 3ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಸಾಮಾನ್ಯ. ವರ್ಷಕ್ಕೆ ಅದು ಶೇ 36 ದಾಟುತ್ತದೆ. ಸಂಬಳ ಏರಿದರೂ ಕೈ ಬರಿದಾಗುವುದು ಹೀಗೆ.

24,000 ರೂಪಾಯಿಯ ಫೋನಿಗೆ ತಿಂಗಳಿಗೆ 2,000 ಎತ್ತಿಟ್ಟರೆ ಒಂದು ವರ್ಷದಲ್ಲಿ ಪೂರ್ತಿ ದುಡ್ಡು ಕೊಟ್ಟೇ ತರಬಹುದು. ಅಷ್ಟರಲ್ಲಿ ಬೆಲೆಯೂ ಇಳಿದಿರಬಹುದು. ಚೀಟಿ ಹಾಕಿ, ಹಬ್ಬದವರೆಗೆ ಕಾದು ಚಿನ್ನ ಕೊಳ್ಳುತ್ತಿದ್ದ ನಮ್ಮ ಮನೆ ಹೆಂಗಸರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ?

ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೇ ಆರ್‌ಡಿ (ತಿಂಗಳು ತಿಂಗಳು ಹಣ ಕಟ್ಟುವ ಠೇವಣಿ) ಶುರು ಮಾಡಬಹುದು. ಕಂಪನಿಗಳು ಹೊಸಬರಿಗೆ ಸಂಬಳದ ಖಾತೆ ತೆರೆಸುವಾಗಲೇ ಒಂದು ಆರ್‌ಡಿಯನ್ನೂ ಮಾಡಿಸಿಕೊಡಲಿ. ಸಂಬಳ ಬಿದ್ದ ದಿನವೇ ಹಣ ಅದಕ್ಕೆ ಹೋಗಲಿ. ಬೇಡ ಅನ್ನುವವರು ಬರೆದುಕೊಟ್ಟು ಹೊರಗುಳಿಯಲಿ.

– ನಿವೃತ್ತ ಬ್ಯಾಂಕ್ ನೌಕರ, ರಾಜಾಜಿನಗರ, ಬೆಂಗಳೂರು